ನೋಷನ್ ಡೇಟಾಬೇಸ್‌ನಲ್ಲಿ ದಾಖಲೆ ಹೇಗೆ ತೆರೆಯಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬಡಾವಣೆಯ ಸಣ್ಣ ಗ್ರಂಥಾಲಯದ ಪುಸ್ತಕಪಟ್ಟಿಯನ್ನು ನಾನು ನೋಷನ್ ಎಂಬ ಟಿಪ್ಪಣಿ, ಪಟ್ಟಿಗಳ ಆ್ಯಪಿಗೆ ಹಾಕಿದ ಮೇಲೆ ಸ್ನೇಹಿತರು, ನೆಂಟರು, ಅವರ ಸ್ನೇಹಿತರು ಒಬ್ಬೊಬ್ಬರಾಗಿ ಪ್ರಶ್ನೆ ಕೇಳಲು ಶುರು ಮಾಡಿದರು. ಅಡುಗೆ ಟಿಪ್ಪಣಿ ಬರೆಯುವವರಿದ್ದಾರೆ, ಟೈಲರಿಂಗ್ ಆರ್ಡರ್ ಬರೆದಿಡುವವರಿದ್ದಾರೆ, ಪಿಎಚ್‌ಡಿಗೆ ಓದುವವರೂ ಇದ್ದಾರೆ. ಕೆಲಸ ಬೇರೆ ಬೇರೆ, ಆದರೆ ತೊಂದರೆ ಹೆಚ್ಚುಕಡಿಮೆ ಒಂದೇ: ಸಾಲನ್ನು ಒತ್ತಿದಾಗ ಅದು ತಮಗೆ ಬೇಕಾದ ಹಾಗೆ ತೆರೆಯುವುದಿಲ್ಲ. ನಾನು ಫೋನಿನಲ್ಲಿ, ಮೆಸೇಜಿನಲ್ಲಿ ಹೇಳಿದ ಉತ್ತರಗಳನ್ನೇ ಇಲ್ಲಿ ಸೇರಿಸಿದ್ದೇನೆ. ಮೆನುವಿನ ಹೆಸರುಗಳನ್ನು ಇಂಗ್ಲಿಷ್ ಪರದೆಯಲ್ಲಿ ಇರುವ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಹುಡುಕಲು ಸುಲಭವಾಗಲಿ ಎಂದು.

## ಶುರು ಮಾಡುವವರಿಗೆ

ಎಕ್ಸೆಲ್‌ನಲ್ಲಿ ಸಾಲು ಅಂದ್ರೆ ಸಾಲು ಅಷ್ಟೇ. ಇಲ್ಲಿ ಸಾಲು "ತೆರೆಯುತ್ತೆ" ಅಂದ್ರೆ ಏನು?

ನೋಷನ್‌ಗೆ ಡೇಟಾಬೇಸ್, ಅಂದರೆ ಸಾಲು ಕಾಲಂಗಳಲ್ಲಿ ಮಾಹಿತಿ ಇಡುವ ಪಟ್ಟಿ, ಬಂದದ್ದು 2018ರಲ್ಲಿ. ಅಲ್ಲಿಂದ ಇಲ್ಲಿಯವರೆಗೂ ಅದರ ಮೂಲ ಗುಣ ಒಂದೇ: ಪ್ರತಿ ಸಾಲೂ, ಅಂದರೆ ಪ್ರತಿ ದಾಖಲೆಯೂ, ಒಂದು ಪೂರ್ತಿ ಪೇಜ್. ಟೇಬಲ್‌ನಲ್ಲಿ ನಿಮಗೆ ಕಾಣುವ ಲೇಖಕ, ವರ್ಷ, ಬೆಲೆ ಇವೆಲ್ಲ ಆ ಪೇಜಿನ ನೆತ್ತಿಯ ಮೇಲಿರುವ ವಿವರಗಳು. ಇವಕ್ಕೆ ಪ್ರಾಪರ್ಟಿ ಎನ್ನುತ್ತಾರೆ. ಅವುಗಳ ಕೆಳಗೆ ಖಾಲಿ ಹಾಳೆ ಇದೆ. ಅಲ್ಲಿ ಉದ್ದದ ಟಿಪ್ಪಣಿ ಬರೆಯಬಹುದು, ಫೋಟೋ ಹಾಕಬಹುದು, ಇನ್ನೊಂದು ಟೇಬಲ್ಲನ್ನೇ ಇಡಬಹುದು.

ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಟೇಬಲ್‌ನ ಮೇಲ್ಮೈಯಲ್ಲೇ ಕೆಲಸ ಮಾಡಿದವರನ್ನು ನೋಡಿದ್ದೇನೆ. "ಷರಾ" ಅಂತ ಒಂದು ಕಾಲಂ ಮಾಡಿ, ಅದರೊಳಗೆ ನಾಲ್ಕು ಪ್ಯಾರಾ ತುರುಕಿರುತ್ತಾರೆ. ಆ ನಾಲ್ಕು ಪ್ಯಾರಾ ಇರಬೇಕಾದ ಜಾಗ ಪೇಜಿನ ಒಳಗೆ.

ಟೇಬಲ್‌ನಲ್ಲಿ ಹೆಸರಿನ ಮೇಲೆ ಒತ್ತಿದ್ರೆ ಪೇಜ್ ತೆರೆಯಲ್ಲ, ಟೈಪ್ ಮಾಡೋಕೆ ಹೋಗುತ್ತೆ. ಏನು ಮಾಡ್ಲಿ?

ಟೇಬಲ್‌ನಲ್ಲಿ ಒಂದು ಮನೆಯನ್ನು (ಸೆಲ್) ಒತ್ತಿದರೆ ಅದನ್ನು ತಿದ್ದಲು ಬಿಡುತ್ತದೆ. ಮೌಸನ್ನು ಹೆಸರಿನ ಮನೆಯ ಮೇಲೆ ಒಯ್ಯಿರಿ, ಒತ್ತಬೇಡಿ. ಬಲಬದಿಯಲ್ಲಿ "ಓಪನ್" ಎಂಬ ಪುಟ್ಟ ಬಟನ್ ಮೂಡುತ್ತದೆ. ಅದನ್ನು ಒತ್ತಿ. ಅದೇ ಪಟ್ಟಿಯನ್ನು ತೋರಿಸುವ ಬೇರೆ ರೂಪಗಳಾದ ಬೋರ್ಡ್, ಗ್ಯಾಲರಿ, ಲಿಸ್ಟ್, ಕ್ಯಾಲೆಂಡರ್‌ಗಳಲ್ಲಿ ಈ ತಾಪತ್ರಯ ಇಲ್ಲ, ಕಾರ್ಡನ್ನೋ ಸಾಲನ್ನೋ ಒತ್ತಿದರೆ ಸಾಕು.

ಸೈಡ್ ಪೀಕ್, ಸೆಂಟರ್ ಪೀಕ್, ಫುಲ್ ಪೇಜ್: ಮೂರೂ ಒಂದೇ ಪೇಜ್ ತಾನೇ? ವ್ಯತ್ಯಾಸ ಏನು?

ಪೇಜ್ ಒಂದೇ, ನಿಜ. ಎಲ್ಲಿ ಬರೆದರೂ ಅದೇ ದಾಖಲೆಯಲ್ಲಿ ಉಳಿಯುತ್ತದೆ. ವ್ಯತ್ಯಾಸ ಇರುವುದು ಪೇಜ್ ತೆರೆದಾಗ ಅದರ ಹಿಂದಿನ ಪಟ್ಟಿಗೆ ಏನಾಗುತ್ತದೆ ಎಂಬುದರಲ್ಲಿ.

ಸೈಡ್ ಪೀಕ್‌ನಲ್ಲಿ ಪೇಜ್ ಬಲಗಡೆ ತೆರೆಯುತ್ತದೆ. ಎಡಗಡೆ ಪಟ್ಟಿ ಕಾಣುತ್ತಲೇ ಇರುತ್ತದೆ, ಜೀವಂತವಾಗಿಯೂ ಇರುತ್ತದೆ. ಅಂದರೆ ಪೇಜನ್ನು ಮುಚ್ಚದೆಯೇ ಪಟ್ಟಿಯಲ್ಲಿ ಸ್ಕ್ರಾಲ್ ಮಾಡಬಹುದು, ಇನ್ನೊಂದು ಮನೆಯನ್ನು ತಿದ್ದಬಹುದು, ಬೇರೆ ಸಾಲನ್ನು ತೆರೆಯಬಹುದು. ಇದು ಬಂದದ್ದು 2022ರಲ್ಲಿ.

ಸೆಂಟರ್ ಪೀಕ್‌ನಲ್ಲಿ ಪೇಜ್ ಪರದೆಯ ನಡುವೆ ಒಂದು ಪೆಟ್ಟಿಗೆಯ ಹಾಗೆ ಬರುತ್ತದೆ. ಹಿಂದಿನ ಪಟ್ಟಿ ಮಸುಕಾಗುತ್ತದೆ, ಮುಟ್ಟಲು ಆಗುವುದಿಲ್ಲ. ಪೆಟ್ಟಿಗೆಯ ಹೊರಗೆ ಎಲ್ಲಿ ಒತ್ತಿದರೂ ಅದು ಮುಚ್ಚಿಕೊಳ್ಳುತ್ತದೆ. ತಪ್ಪಿ ಒತ್ತಿದರೂ ಗಾಬರಿ ಬೇಡ. ನೋಷನ್ ಬರೆದದ್ದನ್ನು ಬರೆದ ಹಾಗೇ ಉಳಿಸಿಕೊಳ್ಳುತ್ತದೆ, ಸೇವ್ ಬಟನ್ ಅಂತ ಬೇರೆ ಇಲ್ಲ.

ಫುಲ್ ಪೇಜ್ ಎಂದರೆ ಪಟ್ಟಿಯನ್ನು ಬಿಟ್ಟು ಪೇಜಿನ ಒಳಗೇ ಹೋಗುವುದು. ಇಡೀ ಪರದೆ ಅದರದೇ. ವಾಪಸ್ ಬರಲು ಹಿಂದಕ್ಕೆ ಹೋಗುವ ಬಾಣ ಒತ್ತಬೇಕು, ಇಲ್ಲವೇ ಪೇಜಿನ ದಾರಿ ತೋರಿಸುವ ಮೇಲಿನ ಸಾಲಿನಲ್ಲಿ ಡೇಟಾಬೇಸ್‌ನ ಹೆಸರು ಒತ್ತಬೇಕು.

ಈ ಸೆಟ್ಟಿಂಗ್ ಎಲ್ಲಿ ಅಡಗಿದೆ? ಅರ್ಧ ಗಂಟೆ ಹುಡುಕಿದೆ.

ಎಲ್ಲರೂ ಆ್ಯಪಿನ ಮುಖ್ಯ ಸೆಟ್ಟಿಂಗ್ಸ್‌ನಲ್ಲಿ ಹುಡುಕುತ್ತಾರೆ. ಅಲ್ಲಿ ಇಲ್ಲ. ಇದು ಡೇಟಾಬೇಸ್‌ನ ವ್ಯೂಗೆ ಸೇರಿದ ಸೆಟ್ಟಿಂಗ್. ವ್ಯೂ ಎಂದರೆ ಅದೇ ಪಟ್ಟಿಯನ್ನು ಒಂದೊಂದು ರೀತಿಯಲ್ಲಿ ತೋರಿಸುವ ನೋಟ.

ಡೇಟಾಬೇಸ್‌ನ ಬಲ ಮೇಲ್ತುದಿಯಲ್ಲಿರುವ ವ್ಯೂ ಸೆಟ್ಟಿಂಗ್ಸ್ ಗುರುತನ್ನು ಒತ್ತಿ. ಬರುವ ಮೆನುವಿನಲ್ಲಿ "ಲೇಔಟ್" ಆರಿಸಿ. ಟೇಬಲ್, ಬೋರ್ಡ್, ಗ್ಯಾಲರಿ ಎಂಬ ಚಿತ್ರಗಳು ಕಾಣುತ್ತವೆ. ಜನ ಸಾಮಾನ್ಯವಾಗಿ ಅಲ್ಲಿಗೇ ನಿಂತುಬಿಡುತ್ತಾರೆ. ಇನ್ನೂ ಕೆಳಗೆ ನೋಡಿ. ಪೇಜ್ ಐಕಾನ್ ತೋರಿಸಬೇಕಾ ಎಂಬಂಥ ಸ್ವಿಚ್‌ಗಳ ಜೊತೆಯಲ್ಲಿ "ಓಪನ್ ಪೇಜಸ್ ಇನ್" ಎಂಬ ಸಾಲು ಇರುತ್ತದೆ. ಅದನ್ನು ಒತ್ತಿದರೆ ಮೂರು ಆಯ್ಕೆಗಳೂ ಸಿಗುತ್ತವೆ.

ನಾನು ಏನೂ ಮುಟ್ಟಿಲ್ಲ. ಟೇಬಲ್‌ನಲ್ಲಿ ಪಕ್ಕದಲ್ಲಿ ತೆರೆಯುತ್ತೆ, ಕ್ಯಾಲೆಂಡರ್‌ನಲ್ಲಿ ಮಧ್ಯದಲ್ಲಿ ತೆರೆಯುತ್ತೆ. ಕೆಟ್ಟಿದೆಯಾ?

ಕೆಟ್ಟಿಲ್ಲ. ಒಂದೊಂದು ಲೇಔಟ್‌ಗೂ ಒಂದೊಂದು ಮೊದಲ ಆಯ್ಕೆ ಇದೆ. ಟೇಬಲ್, ಬೋರ್ಡ್, ಲಿಸ್ಟ್, ಟೈಮ್‌ಲೈನ್ ಇವಕ್ಕೆ ಸೈಡ್ ಪೀಕ್. ಗ್ಯಾಲರಿ ಮತ್ತು ಕ್ಯಾಲೆಂಡರ್‌ಗೆ ಸೆಂಟರ್ ಪೀಕ್. ಇದರ ಹಿಂದಿನ ಯೋಚನೆ ನನಗೆ ಸರಿ ಅನ್ನಿಸುತ್ತದೆ. ತಿಂಗಳಿನ ಕ್ಯಾಲೆಂಡರಿಗೆ ಏಳು ಕಾಲಂ ಅಗಲ ಬೇಕೇ ಬೇಕು. ಪಕ್ಕದಲ್ಲಿ ಪೇಜ್ ತೆರೆದರೆ ಶುಕ್ರವಾರ, ಶನಿವಾರಗಳು ಅದರ ಹಿಂದೆ ಸೇರಿಕೊಳ್ಳುತ್ತವೆ. ನಿಮಗೆ ಒಗ್ಗದಿದ್ದರೆ ಬದಲಾಯಿಸಿ, ಅದೇನು ಕಟ್ಟಪ್ಪಣೆ ಅಲ್ಲ.

ಫೋನಿನಲ್ಲಿ ಸೈಡ್ ಪೀಕ್ ಬರ್ತಾನೇ ಇಲ್ಲ, ಯಾಕೆ?

ಫೋನಿನ ಪರದೆಯಲ್ಲಿ "ಪಕ್ಕ" ಅನ್ನುವಷ್ಟು ಜಾಗ ಇಲ್ಲ. ಹಾಗಾಗಿ ದಾಖಲೆ ಇಡೀ ಪರದೆಯಲ್ಲಿ ತೆರೆಯುತ್ತದೆ. ನೀವು ಮಾಡಿದ ಆಯ್ಕೆಯ ಫಲ ಕಾಣುವುದು ಕಂಪ್ಯೂಟರಿನಲ್ಲಿ. ಫೋನಿನಲ್ಲೇ ಜಾಸ್ತಿ ಕೆಲಸ ಮಾಡುವವರು ಈ ಸೆಟ್ಟಿಂಗ್ ಬಗ್ಗೆ ತಲೆ ಕೆಡಿಸಿಕೊಳ್ಳುವುದಕ್ಕಿಂತ, ಕೆಳಗೆ ಬರುವ ಪೇಜಿನ ಲೇಔಟ್ ಮತ್ತು ಟೆಂಪ್ಲೇಟ್ (ಮೊದಲೇ ಮಾಡಿಟ್ಟ ಮಾದರಿ ಪೇಜ್) ಭಾಗಗಳನ್ನು ಓದಿ. ನಿಮಗೆ ನಿಜವಾಗಿ ಉಪಯೋಗ ಆಗುವುದು ಅವು.

## ದಿನದ ಕೆಲಸದಲ್ಲಿ

ಮೂರರಲ್ಲಿ ಯಾವುದು ಒಳ್ಳೇದು? ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಿನಲ್ಲಿ ಹೇಳಲು ಆಗುವುದಿಲ್ಲ, ಕ್ಷಮಿಸಿ. ಇಡೀ ಪ್ರಶ್ನೋತ್ತರದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಪ್ರಶ್ನೆ ಇದು. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ದಾಖಲೆಯನ್ನು ಯಾಕೆ ತೆರೆಯುತ್ತೀರಿ ಎಂದು ಮೊದಲು ಕೇಳಿಕೊಳ್ಳಿ. ನನ್ನ ಅನುಭವದಲ್ಲಿ ಕಾರಣಗಳು ಮೂರೇ: ಇಣುಕಿ ನೋಡಲು, ತುಂಬಿಸಲು, ಕೂತು ಬರೆಯಲು.

ನಮ್ಮ ಗ್ರಂಥಾಲಯದ್ದೇ ತೆಗೆದುಕೊಳ್ಳಿ. ಯಾರೋ ಬಂದು "ಆ ಪುಸ್ತಕ ಇದೆಯಾ, ಯಾರ ಹತ್ತಿರ ಇದೆ?" ಎಂದು ಕೇಳುತ್ತಾರೆ. ನಾನು ದಾಖಲೆ ತೆರೆದು, ಯಾರು ಒಯ್ದಿದ್ದಾರೆ ಎಂದು ನೋಡಿ, ಹೇಳಿ, ಮುಂದಿನವರತ್ತ ತಿರುಗಬೇಕು. ಹತ್ತು ಸೆಕೆಂಡಿನ ಕೆಲಸ. ಅಲ್ಲಿ ಪಟ್ಟಿ ಕಣ್ಣಿಂದ ಮರೆಯಾಗಬಾರದು. ಅದಕ್ಕೆ ಸೈಡ್ ಪೀಕ್ ಬಿಟ್ಟರೆ ಬೇರೆ ಇಲ್ಲ.

ಹೊಸ ಪುಸ್ತಕಗಳ ಕಟ್ಟು ಬಂದಾಗ ಕೆಲಸವೇ ಬೇರೆ. ಒಂದೊಂದು ಪುಸ್ತಕ ಕೈಗೆತ್ತಿಕೊಂಡು ಹೆಸರು, ಲೇಖಕ, ಪ್ರಕಾಶಕ, ಮುದ್ರಣದ ವರ್ಷ, ದಾನ ಕೊಟ್ಟವರ ಹೆಸರು ತುಂಬಿಸಬೇಕು. ಆಗ ಹಿಂದಿನ ಪಟ್ಟಿ ಕಣ್ಣು ಸೆಳೆಯುತ್ತದೆ. ನಾನು ಎರಡು ಸಲ ಪಕ್ಕದ ಸಾಲಿನಲ್ಲಿ ಟೈಪ್ ಮಾಡಿ ಹಳೆಯ ದಾಖಲೆ ಕೆಡಿಸಿದ ಮೇಲೆ ಈ ಕೆಲಸಕ್ಕೆ ಸೆಂಟರ್ ಪೀಕ್ ಇಟ್ಟೆ. ಒಂದು ಸಲಕ್ಕೆ ಒಂದೇ ಅರ್ಜಿ ಮುಂದಿರುವ ಹಾಗೆ ಆಗುತ್ತದೆ. ತುಂಬಿಸಿದೆ, ಹೊರಗೆ ಒತ್ತಿದೆ, ಮುಚ್ಚಿತು, ಮುಂದಿನದು.

ಇನ್ನು ಕೂತು ಬರೆಯುವುದು. ಓದಿದ ಪುಸ್ತಕದ ಬಗ್ಗೆ ನಾಲ್ಕು ಪುಟದ ಟಿಪ್ಪಣಿ, ಸಂಶೋಧನೆಯ ಅಧ್ಯಾಯದ ಕರಡು, ಸಭೆಯ ನಡಾವಳಿ ಇಂಥವು. ಇವಕ್ಕೆ ಇಡೀ ಪರದೆ ಬೇಕು. ಸೈಡ್ ಪೀಕ್‌ನ ಕಿರಿದಾದ ಪಟ್ಟಿಯಲ್ಲಿ ಉದ್ದ ಬರಹ ಬರೆಯುತ್ತಿದ್ದರೆ ಮನಸ್ಸೂ ಕಿರಿದಾದ ಹಾಗೆ ಅನ್ನಿಸುತ್ತದೆ. ಸಾಲುಗಳು ಬೇಗ ಮುರಿಯುತ್ತವೆ, ಪ್ಯಾರಾಗಳು ಗೋಪುರದ ಹಾಗೆ ಉದ್ದುದ್ದ ಕಾಣುತ್ತವೆ, ಬರೆದದ್ದು ಇರುವುದಕ್ಕಿಂತ ಜಾಸ್ತಿ ಅನ್ನಿಸಿ ನಡುವೆ ಕೈಬಿಡುತ್ತೇವೆ. ಫುಲ್ ಪೇಜ್ ಇಡಿ.

ಒಂದೇ ಡೇಟಾಬೇಸ್‌ನಲ್ಲಿ ಮೂರೂ ಕೆಲಸ ಇದ್ದರೆ? ಮೂರು ವ್ಯೂ ಮಾಡಿ. ಅವುಗಳಿಗೆ "ಹುಡುಕಲು", "ಸೇರಿಸಲು", "ಬರೆಯಲು" ಎಂದು ಕೆಲಸದ ಹೆಸರನ್ನೇ ಇಡಿ. ಪ್ರತಿಯೊಂದಕ್ಕೂ ಬೇರೆ ತೆರೆಯುವ ರೀತಿ ಕೊಡಿ. "ಟೇಬಲ್ 1", "ಟೇಬಲ್ 2" ಎಂಬ ಹೆಸರುಗಳಿಗಿಂತ ಇದು ಎಷ್ಟೋ ವಾಸಿ ಎಂದು ವಾರದೊಳಗೇ ನಿಮಗೆ ಗೊತ್ತಾಗುತ್ತದೆ.

ಒಂದು ವ್ಯೂನಲ್ಲಿ ಫುಲ್ ಪೇಜ್ ಮಾಡಿದೆ. ಇನ್ನೊಂದರಲ್ಲಿ ಹಾಗೇ ಹಳೇದೇ ಇದೆ. ಎಲ್ಲದಕ್ಕೂ ಒಟ್ಟಿಗೆ ಬದಲಾಯಿಸೋಕೆ ಆಗಲ್ವಾ?

ಸೆಟ್ಟಿಂಗ್ ಇರುವುದೇ ವ್ಯೂಗೆ. ಡೇಟಾಬೇಸ್‌ನಲ್ಲಿ ಆರು ವ್ಯೂ ಇದ್ದರೆ ಆರಕ್ಕೂ ಬೇರೆ ಬೇರೆ ಹೋಗಿ ಆರಿಸಬೇಕು. ಅದೇ ಡೇಟಾಬೇಸ್ ಕಾಣುವ ಹಾಗೆ ಬೇರೆ ಪೇಜಿನಲ್ಲಿ ಇಟ್ಟ ಲಿಂಕ್ಡ್ ವ್ಯೂಗೂ ಅದರದೇ ಸ್ವಂತ ಆಯ್ಕೆ ಇರುತ್ತದೆ. ಕೆಲಸ ಉಳಿಸುವ ಒಂದು ದಾರಿ ಇದೆ. ಮೊದಲ ವ್ಯೂವನ್ನು ಸರಿಯಾಗಿ ಹೊಂದಿಸಿ, ಆಮೇಲೆ ಅದನ್ನೇ ಡೂಪ್ಲಿಕೇಟ್ ಮಾಡಿ, ಫಿಲ್ಟರ್ ಮಾತ್ರ ಬದಲಾಯಿಸಿಕೊಳ್ಳಿ. ತೆರೆಯುವ ರೀತಿಯೂ ಜೊತೆಗೆ ಬರುತ್ತದೆ.

ಸೆಟ್ಟಿಂಗ್ ಮುಟ್ಟದೆ ಇದೊಂದು ಸಲ ಮಾತ್ರ ದೊಡ್ಡದಾಗಿ ತೆರೀಬೇಕು.

ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ, "ಓಪನ್ ಇನ್" ಎಂಬಲ್ಲಿ ಬೇಕಾದ್ದನ್ನು ಆರಿಸಿ. ಬ್ರೌಸರ್‌ನಲ್ಲಿ ಇದ್ದರೆ ಹೊಸ ಟ್ಯಾಬಿನಲ್ಲೂ ತೆರೆಯಬಹುದು. ಈಗಾಗಲೇ ಪೀಕ್‌ನಲ್ಲಿ ತೆರೆದಿದ್ದರೆ ಅದರ ಎಡ ಮೇಲ್ತುದಿ ನೋಡಿ. ಎರಡು ದಿಕ್ಕಿಗೆ ಚಾಚಿದ ಬಾಣದ ಗುರುತು ಒತ್ತಿದರೆ ಅದೇ ಪೇಜ್ ಪೂರ್ತಿಯಾಗಿ ತೆರೆಯುತ್ತದೆ. ಇಣುಕಲು ತೆರೆದು, ಆಮೇಲೆ "ಇದರ ಬಗ್ಗೆ ಬರೆಯಬೇಕು" ಅನ್ನಿಸಿದಾಗ ನಾನು ದಿನಾ ಬಳಸುವುದು ಇದನ್ನೇ.

ಐವತ್ತು ದಾಖಲೆ ಪರಿಶೀಲಿಸಬೇಕು. ತೆರೆ, ಮುಚ್ಚು, ತೆರೆ, ಮುಚ್ಚು. ಬೇರೆ ದಾರಿ ಇಲ್ವಾ?

ಇದೆ. ಪೀಕ್‌ನ ಮೇಲ್ಭಾಗದಲ್ಲಿ ಮೇಲಕ್ಕೆ, ಕೆಳಕ್ಕೆ ತೋರಿಸುವ ಎರಡು ಸಣ್ಣ ಬಾಣಗಳಿವೆ. ಅವು ಹಿಂದಿನ ಮತ್ತು ಮುಂದಿನ ದಾಖಲೆಗೆ ಒಯ್ಯುತ್ತವೆ. ಕೀಲಿಮಣೆಯಲ್ಲಾದರೆ ಕಂಟ್ರೋಲ್, ಶಿಫ್ಟ್ ಎರಡನ್ನೂ ಹಿಡಿದು ಜೆ ಒತ್ತಿದರೆ ಮುಂದಿನದು, ಕೆ ಒತ್ತಿದರೆ ಹಿಂದಿನದು.

ವ್ಯೂನಲ್ಲಿ ಯಾವ ಕ್ರಮ ಇದೆಯೋ ಅದೇ ಕ್ರಮದಲ್ಲಿ ಸಾಗುತ್ತದೆ. ಆದ್ದರಿಂದ ಶುರು ಮಾಡುವ ಮೊದಲು ಫಿಲ್ಟರ್ ಹಾಕಿ ಬೇಕಾದವನ್ನಷ್ಟೇ ಉಳಿಸಿಕೊಳ್ಳಿ. ಒಂದು ಎಚ್ಚರ: "ಪರಿಶೀಲಿಸಿಲ್ಲ" ಎಂಬ ಫಿಲ್ಟರ್ ಹಾಕಿ, ನೋಡುತ್ತಾ ನೋಡುತ್ತಾ "ಪರಿಶೀಲಿಸಿದೆ" ಎಂದು ಗುರುತು ಹಾಕುತ್ತಾ ಹೋದರೆ, ಆ ದಾಖಲೆ ಪಟ್ಟಿಯಿಂದಲೇ ಜಾರಿಹೋಗುತ್ತದೆ. ಲೆಕ್ಕ ತಪ್ಪಿದ ಹಾಗೆ ಆಗುತ್ತದೆ. ನಾನು ಇಂಥ ಕೆಲಸಕ್ಕೆ ಫಿಲ್ಟರ್ ಬದಲು ಹೆಸರಿನ ಅಕಾರಾದಿ ಜೋಡಣೆ ಇಟ್ಟುಕೊಳ್ಳುತ್ತೇನೆ.

ಪಕ್ಕದಲ್ಲಿ ತೆರೆದ್ರೆ ತುಂಬಾ ಕಿರಿದು. ಕನ್ನಡದಲ್ಲಿ ಬರೆದ ಪ್ರಾಪರ್ಟಿ ಹೆಸರು ಅರ್ಧಕ್ಕೇ ನಿಲ್ಲುತ್ತೆ.

ಸೈಡ್ ಪೀಕ್‌ನ ಎಡ ಅಂಚನ್ನು ಮೌಸಿನಿಂದ ಹಿಡಿದು ಎಳೆಯಿರಿ, ಅಗಲ ಆಗುತ್ತದೆ. ಎಡಗಡೆಯ ಸೈಡ್‌ಬಾರನ್ನು ಮಡಚಿಟ್ಟರೆ ಇನ್ನಷ್ಟು ಜಾಗ ಸಿಗುತ್ತದೆ. ಹದಿಮೂರು ಇಂಚಿನ ಲ್ಯಾಪ್‌ಟಾಪಿನಲ್ಲಿ ಸೈಡ್‌ಬಾರ್, ಟೇಬಲ್, ಪೀಕ್ ಮೂರೂ ಒಟ್ಟಿಗೆ ಇದ್ದರೆ ಯಾವುದಕ್ಕೂ ಉಸಿರಾಡಲು ಜಾಗ ಇರುವುದಿಲ್ಲ.

ಹೆಸರಿನ ವಿಷಯಕ್ಕೆ ನನ್ನ ಸಲಹೆ: ಹೆಸರುಗಳನ್ನು ಚಿಕ್ಕದು ಮಾಡಿ. "ಪುಸ್ತಕ ಹಿಂತಿರುಗಿಸಬೇಕಾದ ದಿನಾಂಕ" ಎಂದು ನಾನು ಮೊದಲು ಇಟ್ಟಿದ್ದೆ. ಕಾಣುತ್ತಿದ್ದದ್ದು "ಪುಸ್ತಕ ಹಿಂ" ಅಷ್ಟೇ. ಈಗ "ವಾಪಸ್" ಎಂದು ಇದೆ. ದಿನಾಂಕದ ಪ್ರಾಪರ್ಟಿ ಎಂದು ಅದರ ಗುರುತೇ ಹೇಳುತ್ತದಲ್ಲ, ಮತ್ತೆ ಬರೆಯುವುದು ಯಾಕೆ? ಇಂಗ್ಲಿಷ್ ಹೆಸರಿಗೆ ಓಡಬೇಕಾಗಿಲ್ಲ. ಎರವಲು, ಕಪಾಟು, ಬೆಲೆ, ಸ್ಥಿತಿ ಹೀಗೆ ಎರಡರಿಂದ ನಾಲ್ಕು ಅಕ್ಷರದ ಪದಗಳು ನಮ್ಮಲ್ಲಿ ಬೇಕಾದಷ್ಟಿವೆ.

ನಾನು ಒಂದು ದಾಖಲೆಯ ಲಿಂಕ್ ಕಳಿಸಿದ್ರೆ ಅವ್ರಿಗೆ ಇಡೀ ಪಟ್ಟಿ ತೆರೆದುಕೊಳ್ಳುತ್ತೆ!

ಬ್ರೌಸರ್‌ನ ವಿಳಾಸಪಟ್ಟಿಯಿಂದ ನಕಲು ಮಾಡಿರುತ್ತೀರಿ. ಪೀಕ್ ತೆರೆದಿರುವಾಗ ಆ ವಿಳಾಸದಲ್ಲಿ ಡೇಟಾಬೇಸ್, ವ್ಯೂ, ಪೇಜ್, ಪೀಕ್‌ನ ಬಗೆ ಎಲ್ಲವೂ ಸೇರಿರುತ್ತವೆ. ಅದನ್ನು ತೆರೆದವರಿಗೆ ಹಿಂದೆ ಪಟ್ಟಿ, ಅದರ ಮೇಲೆ ನಿಮ್ಮ ದಾಖಲೆ ಕಾಣುತ್ತದೆ. ದಾಖಲೆ ಮಾತ್ರ ಹೋಗಬೇಕಿದ್ದರೆ ಪೇಜಿನ ಮೇಲಿರುವ ಶೇರ್ ಬಟನ್‌ನಲ್ಲಿ "ಕಾಪಿ ಲಿಂಕ್" ಒತ್ತಿ ಕಳಿಸಿ. ಇಡೀ ಪಟ್ಟಿಯನ್ನೇ ಒಂದು ನಿರ್ದಿಷ್ಟ ವ್ಯೂನಲ್ಲಿ ತೋರಿಸಬೇಕಿದ್ದರೆ ಆ ವ್ಯೂನ ಟ್ಯಾಬ್ ಒತ್ತಿ "ಕಾಪಿ ಲಿಂಕ್ ಟು ವ್ಯೂ" ಬಳಸಿ.

ಲಿಂಕ್ ಕಳಿಸಿದ ಮಾತ್ರಕ್ಕೆ ಅನುಮತಿ ಸಿಗುವುದಿಲ್ಲ ಎನ್ನುವುದು ನೆನಪಿರಲಿ. ಅದನ್ನು ಶೇರ್‌ನಲ್ಲಿ ಬೇರೆಯಾಗಿ ಕೊಡಬೇಕು.

## ತೆರೆದ ಮೇಲೆ ಏನು ಕಾಣಬೇಕು

ಪೇಜ್ ತೆರೆದ್ರೆ ಮೊದಲು ಇಪ್ಪತ್ತು ಪ್ರಾಪರ್ಟಿ. ನಾನು ಬರೆದಿದ್ದು ಎಲ್ಲೋ ಕೆಳಗೆ. ಪ್ರತಿ ಸಲ ಸ್ಕ್ರಾಲ್ ಮಾಡಿ ಸುಸ್ತಾಗಿದೆ.

ತೆರೆಯುವ ರೀತಿ ಎಷ್ಟು ಚೆನ್ನಾಗಿ ಆರಿಸಿದರೂ ಒಳಗೆ ಹೀಗಿದ್ದರೆ ಸುಖವಿಲ್ಲ. 2024ರಲ್ಲಿ ನೋಷನ್ ಇದಕ್ಕೆ ಒಳ್ಳೆಯ ದಾರಿ ಮಾಡಿಕೊಟ್ಟಿತು. ಡೇಟಾಬೇಸ್‌ನ ಯಾವುದಾದರೂ ಒಂದು ಪೇಜ್ ತೆರೆದು, ಶೀರ್ಷಿಕೆಯ ಮೇಲೆ ಮೌಸ್ ಒಯ್ದರೆ "ಕಸ್ಟಮೈಸ್ ಲೇಔಟ್" ಕಾಣುತ್ತದೆ. ಒಳಗೆ ಹೋದರೆ ಪೇಜಿನ ಭಾಗಗಳನ್ನು ಜೋಡಿಸಬಹುದು.

ಮೊದಲು ಮಾಡಬೇಕಾದ್ದು: ಅತಿ ಮುಖ್ಯವಾದ ಪ್ರಾಪರ್ಟಿಗಳನ್ನು ಶೀರ್ಷಿಕೆಯ ಕೆಳಗೆ ಪಿನ್ ಮಾಡುವುದು. ನಾಲ್ಕರವರೆಗೆ ಅವಕಾಶ ಇದೆ. ನನ್ನ ಪಟ್ಟಿಯಲ್ಲಿ ಲೇಖಕ, ಸ್ಥಿತಿ, ಯಾರ ಬಳಿ, ವಾಪಸ್ ಇವು ನಾಲ್ಕು. ಇದಾದ ಮೇಲೆ ಹತ್ತರಲ್ಲಿ ಎಂಟು ಸಲ ನನಗೆ ಕೆಳಗೆ ಹೋಗುವ ಅಗತ್ಯವೇ ಬೀಳುವುದಿಲ್ಲ.

ಉಳಿದ ಪ್ರಾಪರ್ಟಿಗಳನ್ನು ಪಕ್ಕದ ವಿವರ ಫಲಕಕ್ಕೆ ಸರಿಸಬಹುದು. ಬೇಕಾದಾಗ ತೆರೆದು ನೋಡಬಹುದು, ಬೇಡದಾಗ ಮುಚ್ಚಿಡಬಹುದು. ಆಗ ಶೀರ್ಷಿಕೆ, ನಾಲ್ಕು ವಿವರ, ಅದರ ಕೆಳಗೇ ನಿಮ್ಮ ಬರಹ.

ಒಂದೊಂದು ಪ್ರಾಪರ್ಟಿಗೂ ಯಾವಾಗಲೂ ತೋರಿಸು, ಖಾಲಿ ಇದ್ದಾಗ ಮರೆಮಾಡು, ಯಾವಾಗಲೂ ಮರೆಮಾಡು ಎಂಬ ಆಯ್ಕೆಗಳಿವೆ. "ಖಾಲಿ ಇದ್ದಾಗ ಮರೆಮಾಡು" ಎಂಬುದು ಹಳೆಯ ದಾಖಲೆ ಓದಲು ಚೆನ್ನ. ಆದರೆ ಹೊಸದನ್ನು ತುಂಬಿಸುವಾಗ ತುಂಬಿಸಬೇಕಾದ ಜಾಗವೇ ಕಾಣುವುದಿಲ್ಲ. ಖಾಲಿಯಾಗಿ ಬಿಡಲೇಬಾರದ ವಿವರಗಳಿಗೆ ಅದನ್ನು ಕೊಡಬೇಡಿ. ನಮ್ಮಲ್ಲಿ ದಾನಿಗಳ ಹೆಸರು ತಿಂಗಳುಗಟ್ಟಲೆ ಬಿಟ್ಟುಹೋದದ್ದು ಇದರಿಂದಲೇ. ಪುಸ್ತಕ ಕೊಟ್ಟವರ ಹೆಸರು ದಾಖಲಾಗದೆ ಹೋದದ್ದಕ್ಕೆ ನನಗೆ ಇವತ್ತಿಗೂ ಬೇಸರ ಇದೆ.

ಜೋಡಿಸಿದ ಮೇಲೆ ಎಲ್ಲ ಪೇಜ್‌ಗಳಿಗೂ ಅನ್ವಯಿಸುವ ಬಟನ್ ಒತ್ತುವುದನ್ನು ಮರೆಯಬೇಡಿ.

ಒಂದು ದಾಖಲೆಗೆ ಮಾತ್ರ ಬೇರೆ ಲೇಔಟ್ ಕೊಡಬಹುದಾ?

ಆಗುವುದಿಲ್ಲ. ಪೇಜಿನ ಲೇಔಟ್ ಒಂದು ಡೇಟಾಬೇಸ್‌ನಲ್ಲಿರುವ ಎಲ್ಲ ದಾಖಲೆಗಳಿಗೂ ಒಂದೇ. ವ್ಯೂ ಬದಲಾದರೂ ಈ ಲೇಔಟ್ ಬದಲಾಗುವುದಿಲ್ಲ. ಇಲ್ಲೇ ಹಲವರು ಗೊಂದಲಕ್ಕೆ ಬೀಳುತ್ತಾರೆ. ಎಲ್ಲಿ ತೆರೆಯಬೇಕು ಎಂಬುದು ವ್ಯೂನ ಮಾತು, ಒಳಗೆ ಹೇಗೆ ಕಾಣಬೇಕು ಎಂಬುದು ಇಡೀ ಡೇಟಾಬೇಸ್‌ನ ಮಾತು. ಕವನ ಸಂಕಲನಕ್ಕೂ ನಿಘಂಟಿಗೂ ಬೇರೆ ಬೇರೆ ರೂಪ ಬೇಕು ಅನ್ನಿಸಿದರೆ ಪೇಜಿನ ಒಳಗಿನ ಭಾಗವನ್ನು ಟೆಂಪ್ಲೇಟ್ ಮೂಲಕ ಬೇರೆ ಮಾಡಿ.

ಹೊಸ ದಾಖಲೆ ತೆರೆದಾಗ ಖಾಲಿ ಹಾಳೆ ಬರುತ್ತೆ. ಪ್ರತಿ ಸಲ ಅದೇ ತಲೆಬರಹಗಳನ್ನ ಟೈಪ್ ಮಾಡಬೇಕಾ?

ಬೇಡ. ಡೇಟಾಬೇಸ್‌ನ ನೀಲಿ "ನ್ಯೂ" ಬಟನ್ ಪಕ್ಕದ ಕೆಳಬಾಣ ಒತ್ತಿ, ಹೊಸ ಟೆಂಪ್ಲೇಟ್ ಮಾಡಿ. ತಲೆಬರಹಗಳು, ಮೊದಲೇ ತುಂಬಿರಬೇಕಾದ ಪ್ರಾಪರ್ಟಿಗಳು ಎಲ್ಲವನ್ನೂ ಅದರಲ್ಲಿ ಇಡಿ. ಆಮೇಲೆ ಆ ಟೆಂಪ್ಲೇಟ್‌ನ ಮೂರು ಚುಕ್ಕಿ ಒತ್ತಿ "ಸೆಟ್ ಆ್ಯಸ್ ಡೀಫಾಲ್ಟ್" ಆರಿಸಿ. ಎಲ್ಲ ವ್ಯೂಗಳಿಗಾ, ಈ ವ್ಯೂಗೆ ಮಾತ್ರವಾ ಎಂದು ಕೇಳುತ್ತದೆ.

ಈ ಎರಡನೆಯ ಆಯ್ಕೆಯ ಬೆಲೆ ಬಹಳ ಜನಕ್ಕೆ ಗೊತ್ತಿಲ್ಲ. ಟೈಲರಿಂಗ್ ಮಾಡುವ ನನ್ನ ಪರಿಚಯದವರೊಬ್ಬರು "ಬ್ಲೌಸ್" ಮತ್ತು "ಚೂಡಿದಾರ್" ಎಂದು ಎರಡು ವ್ಯೂ ಮಾಡಿಕೊಂಡಿದ್ದಾರೆ. ಡೇಟಾಬೇಸ್ ಒಂದೇ. ಮೊದಲನೆಯದರಲ್ಲಿ ಹೊಸ ದಾಖಲೆ ತೆರೆದರೆ ತೋಳು, ಕತ್ತು, ಬೆನ್ನಿನ ಅಳತೆಗಳ ಪಟ್ಟಿ ತಾನಾಗಿ ಬರುತ್ತದೆ. ಎರಡನೆಯದರಲ್ಲಿ ಪ್ಯಾಂಟಿನ ಉದ್ದ, ಸೊಂಟ ಬರುತ್ತವೆ. ಗಿರಾಕಿ ಎದುರು ನಿಂತಿರುವಾಗ ಯಾವ ಅಳತೆಯೂ ಮರೆಯುವುದಿಲ್ಲ.

ಫುಲ್ ಪೇಜ್ ಇಟ್ರೂ ಎರಡೂ ಬದಿ ಖಾಲಿ ಜಾಗ ಬಿಡುತ್ತಲ್ಲ?

ಅದು ಬೇರೆ ಸ್ವಿಚ್. ಪೇಜಿನ ಮೂರು ಚುಕ್ಕಿಯ ಮೆನುವಿನಲ್ಲಿ "ಫುಲ್ ವಿಡ್ತ್" ಇದೆ. ಟೇಬಲ್ ಇರುವ ಪೇಜಿಗೆ ಹಾಕಿ. ಬರಹ ಇರುವ ಪೇಜಿಗೆ ಹಾಕದಿದ್ದರೇ ಒಳ್ಳೆಯದು, ಸಾಲು ತುಂಬಾ ಉದ್ದವಾದರೆ ಕಣ್ಣು ಮುಂದಿನ ಸಾಲಿನ ಶುರುವನ್ನು ತಪ್ಪಿಸಿಕೊಳ್ಳುತ್ತದೆ.

## ಇನ್ನೂ ಸ್ವಲ್ಪ ಮುಂದೆ ಹೋಗುವವರಿಗೆ

ನಾವು ಐದು ಜನ ಒಂದೇ ಡೇಟಾಬೇಸ್ ಬಳಸ್ತೀವಿ. ನಾನು ಸೈಡ್ ಪೀಕ್ ಇಡ್ತೀನಿ, ಇನ್ಯಾರೋ ಫುಲ್ ಪೇಜ್ ಮಾಡ್ತಾರೆ. ಜಗಳ ಆಗ್ತಿದೆ.

ಒಂದು ವ್ಯೂನ ಆಯ್ಕೆ ಆ ವ್ಯೂ ನೋಡುವ ಎಲ್ಲರಿಗೂ ಒಂದೇ. ಹಾಗಾಗಿ ಒಬ್ಬರು ಬದಲಾಯಿಸಿದರೆ ಎಲ್ಲರಿಗೂ ಬದಲಾಗುತ್ತದೆ. ಬದಲಾಯಿಸಿದವರಿಗೆ ಇದು ಗೊತ್ತಿರುವುದೇ ಇಲ್ಲ, ತಮ್ಮದು ಮಾತ್ರ ಬದಲಾಯಿತು ಅಂದುಕೊಂಡಿರುತ್ತಾರೆ. ಮೊದಲು ಅದನ್ನು ಕೂತು ಮಾತಾಡಿ ತಿಳಿಸಿ.

ಆಮೇಲೆ ಇರುವ ದಾರಿಗಳು. ಪ್ರತಿಯೊಬ್ಬರೂ ತಮ್ಮ ಖಾಸಗಿ ಪೇಜಿನಲ್ಲಿ ಮೂಲ ಡೇಟಾಬೇಸ್‌ನ ಲಿಂಕ್ಡ್ ವ್ಯೂ ಇಟ್ಟುಕೊಳ್ಳಬಹುದು. ಮಾಹಿತಿ ಅದೇ, ವ್ಯೂ ಮಾತ್ರ ಅವರದು. ಅಲ್ಲಿ ಬೇಕಾದ ಹಾಗೆ ತೆರೆಯಲಿ. ಐದು ಜನಕ್ಕೆ ಇದು ಸಾಕು ಎಂದು ನನ್ನ ಅಭಿಪ್ರಾಯ.

ಗುಂಪು ದೊಡ್ಡದಾದರೆ ಅನುಮತಿಯ ಕಡೆ ಗಮನ ಕೊಡಿ. "ಕ್ಯಾನ್ ಎಡಿಟ್ ಕಂಟೆಂಟ್" ಎಂಬ ಮಟ್ಟದಲ್ಲಿ ಇರುವವರು ದಾಖಲೆಗಳನ್ನು ಸೇರಿಸಬಹುದು, ತಿದ್ದಬಹುದು. ವ್ಯೂ ಮತ್ತು ಪ್ರಾಪರ್ಟಿಗಳ ರಚನೆಯನ್ನು ಬದಲಾಯಿಸಲು ಆಗುವುದಿಲ್ಲ. ಡೇಟಾಬೇಸ್ ಲಾಕ್ ಮಾಡುವ ಸ್ವಿಚ್ ಕೂಡ ಇದೆ. ಆದರೆ ಪೂರ್ತಿ ಅನುಮತಿ ಇರುವವರು ಅದನ್ನು ತೆಗೆಯಬಹುದು. ಕೈ ತಪ್ಪಿ ಆಗುವುದನ್ನು ತಡೆಯಲು ಲಾಕ್ ಸಾಕು, ಬೇಕಂತಲೇ ಮಾಡುವುದಕ್ಕೆ ಅಲ್ಲ.

ಒಂದು ಬಟನ್ ಒತ್ತಿದ್ರೆ ಹೊಸ ದಾಖಲೆ ಹುಟ್ಟಿ, ಅಲ್ಲೇ ತೆರೆದುಕೊಳ್ಳಬೇಕು. ಆಗುತ್ತಾ?

ಆಗುತ್ತದೆ. ಪೇಜಿನಲ್ಲಿ ಒಂದು ಬಟನ್ ಬ್ಲಾಕ್ ಸೇರಿಸಿ. ಮೊದಲ ಹೆಜ್ಜೆಯಾಗಿ "ಆ್ಯಡ್ ಪೇಜ್ ಟು" ಆರಿಸಿ, ಯಾವ ಡೇಟಾಬೇಸ್, ಯಾವ ಪ್ರಾಪರ್ಟಿಗೆ ಏನು ಎಂದು ಹೇಳಿ. ಎರಡನೆಯ ಹೆಜ್ಜೆಯಾಗಿ ಪೇಜ್ ತೆರೆಯುವ ಕ್ರಿಯೆ ಸೇರಿಸಿ, ಈಗಷ್ಟೇ ಸೇರಿಸಿದ ಪೇಜನ್ನೇ ಆರಿಸಿ. ಅದು ಸೈಡ್ ಪೀಕ್‌ನಲ್ಲಾ, ಸೆಂಟರ್‌ನಲ್ಲಾ, ಫುಲ್ ಪೇಜಾ ಎಂದು ಅಲ್ಲೇ ಹೇಳಬಹುದು. ವ್ಯೂನ ಸೆಟ್ಟಿಂಗ್ ಏನೇ ಇರಲಿ, ಬಟನ್ ತನ್ನದನ್ನು ಪಾಲಿಸುತ್ತದೆ.

ನಮ್ಮಲ್ಲಿ ಸಂಜೆ ಗ್ರಂಥಾಲಯ ನೋಡಿಕೊಳ್ಳುವ ಹಿರಿಯರಿಗೆ ಡೇಟಾಬೇಸ್, ವ್ಯೂ, ಫಿಲ್ಟರ್ ಯಾವುದನ್ನೂ ನಾನು ಹೇಳಿಕೊಡಲಿಲ್ಲ. "ಪುಸ್ತಕ ಕೊಟ್ಟೆ" ಎಂದು ಒಂದು ದೊಡ್ಡ ಬಟನ್ ಮಾಡಿಕೊಟ್ಟೆ. ಒತ್ತಿದರೆ ಇವತ್ತಿನ ದಿನಾಂಕ ತುಂಬಿದ ದಾಖಲೆ ನಡುವೆ ತೆರೆಯುತ್ತದೆ. ಪುಸ್ತಕ, ಓದುಗರ ಹೆಸರು ಆರಿಸಿದರೆ ಮುಗಿಯಿತು. ಮೊದಲ ದಿನದಿಂದಲೇ ಅವರು ಯಾರ ಸಹಾಯವೂ ಇಲ್ಲದೆ ಬಳಸುತ್ತಿದ್ದಾರೆ.

ಲೇಖಕರ ದಾಖಲೆ ತೆರೆದಾಗ ಅವರ ಪುಸ್ತಕಗಳೆಲ್ಲ ಅಲ್ಲೇ ಪಟ್ಟಿಯಾಗಿ ಕಾಣಬೇಕು.

ಲೇಖಕರು, ಪುಸ್ತಕಗಳು ಎಂಬ ಎರಡು ಡೇಟಾಬೇಸ್‌ಗಳ ನಡುವೆ ರಿಲೇಷನ್ (ಒಂದರ ದಾಖಲೆಯನ್ನು ಇನ್ನೊಂದರ ದಾಖಲೆಗೆ ಜೋಡಿಸುವ ಪ್ರಾಪರ್ಟಿ) ಇರಬೇಕು. ಲೇಖಕರ ಟೆಂಪ್ಲೇಟ್ ತೆರೆಯಿರಿ. ಅದರೊಳಗೆ ಪುಸ್ತಕಗಳ ಲಿಂಕ್ಡ್ ವ್ಯೂ ಸೇರಿಸಿ. ಫಿಲ್ಟರ್‌ನಲ್ಲಿ "ಲೇಖಕ" ರಿಲೇಷನ್ ಆರಿಸಿ, ಮೌಲ್ಯವಾಗಿ ಆ ಟೆಂಪ್ಲೇಟನ್ನೇ ಕೊಡಿ. ಆಮೇಲೆ ಆ ಟೆಂಪ್ಲೇಟ್‌ನಿಂದ ಹುಟ್ಟುವ ಪ್ರತಿ ಪೇಜಿನಲ್ಲೂ ಫಿಲ್ಟರ್ ತಾನಾಗಿ ಹೊಸ ಪೇಜಿನ ಹೆಸರಿಗೆ ತಿರುಗಿಕೊಳ್ಳುತ್ತದೆ. ಕುವೆಂಪು ಅವರ ಪೇಜ್ ತೆರೆದರೆ ಕುವೆಂಪು ಪುಸ್ತಕಗಳು, ತ್ರಿವೇಣಿ ಅವರ ಪೇಜ್ ತೆರೆದರೆ ತ್ರಿವೇಣಿ ಪುಸ್ತಕಗಳು.

ಇಲ್ಲಿ ತೆರೆಯುವ ರೀತಿ ಎರಡು ಹಂತದಲ್ಲಿ ಬರುತ್ತದೆ. ಲೇಖಕರ ಪಟ್ಟಿಗೆ ಫುಲ್ ಪೇಜ್ ಇಡಿ. ಒಳಗಿನ ಪುಸ್ತಕಗಳ ವ್ಯೂಗೆ ಸೈಡ್ ಪೀಕ್ ಇಡಿ. ಆಗ ಲೇಖಕರ ಪೇಜ್ ಎದುರಿಗೆ ಇರುತ್ತದೆ, ಒಂದೊಂದು ಪುಸ್ತಕ ಪಕ್ಕದಲ್ಲಿ ಬಂದು ಹೋಗುತ್ತದೆ. ಎರಡಕ್ಕೂ ಪೀಕ್ ಇಟ್ಟರೆ ಇಣುಕಿದ್ದರೊಳಗೆ ಇಣುಕಿ ಎಲ್ಲಿದ್ದೇವೆ ಎಂಬುದೇ ಮರೆಯುತ್ತದೆ.

ಆ್ಯಪ್ ತೆರೆದ ತಕ್ಷಣ ನನ್ನ ಪಟ್ಟಿಯೇ ಬರಬೇಕು.

ಮುಖ್ಯ ಸೆಟ್ಟಿಂಗ್ಸ್‌ನಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ "ಓಪನ್ ಆನ್ ಸ್ಟಾರ್ಟ್" ನೋಡಿ. ಹೋಮ್, ಕೊನೆಯ ಸಲ ನೋಡಿದ ಪೇಜ್, ಸೈಡ್‌ಬಾರಿನ ಮೊದಲ ಪೇಜ್ ಇವುಗಳಲ್ಲಿ ಒಂದನ್ನು ಆರಿಸಬಹುದು. ಪಟ್ಟಿಯನ್ನು ಸೈಡ್‌ಬಾರಿನ ಮೇಲ್ತುದಿಗೆ ಎಳೆದಿಟ್ಟು ಸೈಡ್‌ಬಾರಿನ ಮೊದಲ ಪೇಜ್ ಎಂಬ ಆಯ್ಕೆ ಆರಿಸಿ. ಬ್ರೌಸರ್‌ನಲ್ಲಿ ಒತ್ತಿದ ಲಿಂಕ್ ಡೆಸ್ಕ್‌ಟಾಪ್ ಆ್ಯಪಿನಲ್ಲಿ ತೆರೆಯಬೇಕಿದ್ದರೆ ಅದರ ಸ್ವಿಚ್ಚೂ ಅದೇ ಜಾಗದಲ್ಲಿದೆ.

ಏರ್‌ಟೇಬಲ್, ಅಬ್ಸಿಡಿಯನ್ ತರಹದ ಬೇರೆ ಆ್ಯಪ್ ಬಳಸೋರಿಗೂ ಇದೇ ತರಹನಾ?

ಏರ್‌ಟೇಬಲ್‌ನಲ್ಲಿ ಸಾಲಿನ ಒಂದು ಮನೆ ಆರಿಸಿ ಸ್ಪೇಸ್ ಬಾರ್ ಒತ್ತಿದರೆ ದಾಖಲೆ ಹಿಗ್ಗಿ ತೆರೆಯುತ್ತದೆ. ಮೌಸ್ ಮುಟ್ಟದೆ ಕೆಲಸ ಮಾಡುವವರಿಗೆ ಅದು ಬಹಳ ಹಿತ. ಅಲ್ಲಿ ದಾಖಲೆ ಎಂದರೆ ವಿವರಗಳ ಗುಂಪು. ನೋಷನ್‌ನ ಹಾಗೆ ಕೆಳಗೆ ಬರೆಯುವ ಹಾಳೆ ಇರುವುದಿಲ್ಲ.

ಅಬ್ಸಿಡಿಯನ್‌ನಲ್ಲಿ 2025ರಲ್ಲಿ ಬೇಸಸ್ ಎಂಬ ಡೇಟಾಬೇಸ್ ಸೌಕರ್ಯ ಬಂತು. ಅಲ್ಲಿ ಪ್ರತಿ ಸಾಲೂ ನಿಮ್ಮ ಕಂಪ್ಯೂಟರಿನಲ್ಲಿರುವ ಒಂದು ಮಾರ್ಕ್‌ಡೌನ್ ಫೈಲ್ (ಸರಳ ಪಠ್ಯದ ಫೈಲ್). ಹೆಸರು ಒತ್ತಿದರೆ ಆ ಟಿಪ್ಪಣಿ ತೆರೆಯುತ್ತದೆ. ಕಂಟ್ರೋಲ್ ಹಿಡಿದು ಒತ್ತಿದರೆ ಹೊಸ ಟ್ಯಾಬಿನಲ್ಲಿ ತೆರೆಯುತ್ತದೆ, ಮ್ಯಾಕ್‌ನಲ್ಲಾದರೆ ಕಮಾಂಡ್ ಹಿಡಿಯಬೇಕು. ಪರದೆಯನ್ನು ಎರಡಾಗಿ ಸೀಳಿ ಎಡಗಡೆ ಪಟ್ಟಿ, ಬಲಗಡೆ ಟಿಪ್ಪಣಿ ಇಟ್ಟುಕೊಂಡರೆ ಸೈಡ್ ಪೀಕ್‌ನ ಅನುಭವ ಸಿಗುತ್ತದೆ.

ಸ್ಥಿತಿ "ಕರಡು" ಇದ್ರೆ ಫುಲ್ ಪೇಜ್, "ಮುಗಿದಿದೆ" ಇದ್ರೆ ಸೈಡ್ ಪೀಕ್. ಹೀಗೆ ತಾನಾಗಿ ಆಗೋ ಹಾಗೆ ಮಾಡಬಹುದಾ?

ದಾಖಲೆಯ ಮೌಲ್ಯ ನೋಡಿ ತೆರೆಯುವ ರೀತಿ ಬದಲಿಸುವ ಸೌಕರ್ಯ ವ್ಯೂ ಸೆಟ್ಟಿಂಗ್‌ನಲ್ಲಿ ಇಲ್ಲ. ಆದರೆ ವ್ಯೂಗಳನ್ನು ಬೇರೆ ಮಾಡಿದರೆ ಅದೇ ಫಲ ಸಿಗುತ್ತದೆ. ಒಂದು ವ್ಯೂಗೆ "ಕರಡು" ಎಂಬ ಫಿಲ್ಟರ್ ಹಾಕಿ, ಫುಲ್ ಪೇಜ್ ಕೊಡಿ. ಇನ್ನೊಂದಕ್ಕೆ "ಮುಗಿದಿದೆ" ಎಂಬ ಫಿಲ್ಟರ್ ಹಾಕಿ, ಸೈಡ್ ಪೀಕ್ ಕೊಡಿ. ಎರಡನ್ನೂ ಒಂದೇ ಪೇಜಿನಲ್ಲಿ ಮೇಲೆ ಕೆಳಗೆ ಲಿಂಕ್ಡ್ ವ್ಯೂಗಳಾಗಿ ಇಡಿ. ಕರಡಿನ ಸ್ಥಿತಿ ಬದಲಾಯಿಸಿದ ಕೂಡಲೇ ದಾಖಲೆ ಮೇಲಿನ ಪಟ್ಟಿಯಿಂದ ಕೆಳಗಿನದಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಒತ್ತಿದರೆ ಪಕ್ಕದಲ್ಲಿ ತೆರೆಯುತ್ತದೆ.